ಸೆರೆಮನೆಯ ದುಡಿಮೆಯೂ ದಾಸ್ಯದ ನಿಷೇಧವೂ
(ಭದ್ರಾವತಿಯ ನ್ಯೂ ಟೌನಿನಲ್ಲಿ ಮಾಡಿದ ಭಾಷಣ)



ಈ ನ್ಯೂ ಟೌನು ದುಡಿಮೆಗಾರರ ಊರು. 1923ರಲ್ಲಿ ಕೆಲಸಕ್ಕೆ ತೊಡಗಿದ ಕಬ್ಬಿಣದ ಕಾರ್ಖಾನೆಯ ನೆರಳಿನಲ್ಲಿ ಬೆಳೆದವರಿಗೆ ಕೂಲಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಆದುದರಿಂದಲೇ ತಮ್ಮ ಮುಂದೆ ಒಂದು ಪ್ರಶ್ನೆಯನ್ನಿಡುತ್ತೇನೆ: ಸೆರೆಮನೆಯ ಗೋಡೆಯೊಳಗೆ ಮಾಡಿಸುವ ದುಡಿಮೆಯು ದಾಸ್ಯವೇ, ಅಲ್ಲವೇ?

ನಮ್ಮ ದೇಶದಲ್ಲಿ ಕಾನೂನು ಗುಲಾಮಗಿರಿಯನ್ನು ಒಂದೇ ಏಟಿಗೆ ಅಳಿಸಲಿಲ್ಲ. 1843ರ ಐದನೆಯ ಆಕ್ಟು ಗುಲಾಮನ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮನ್ನಿಸಬಾರದೆಂದಿತು, ಒಡೆಯನನ್ನು ದಂಡಿಸಲಿಲ್ಲ. ಮನುಷ್ಯನನ್ನು ಗುಲಾಮನೆಂದು ಕೊಳ್ಳುವುದೂ ಮಾರುವುದೂ ಅಪರಾಧವೆನಿಸಿದ್ದು 1860ರ ದಂಡಸಂಹಿತೆಯಿಂದ. ಸಾಲದ ಹೆಸರಿನ ಜೀತವನ್ನು ರದ್ದುಗೊಳಿಸಲು 1976ರ ಕಾಯಿದೆಯೇ ಬೇಕಾಯಿತು.

ಅಮೆರಿಕದವರು 1865ರಲ್ಲಿ ದಾಸ್ಯವನ್ನು ತೊಡೆದರು; ಆದರೆ ಅಪರಾಧಕ್ಕೆ ಶಿಕ್ಷೆಯಾಗಿ ವಿಧಿಸಿದ ದಾಸ್ಯವನ್ನು ಹೊರತುಪಡಿಸಿದರು. ಆ ಕಿಂಡಿಯೊಳಗಿಂದ ದಕ್ಷಿಣದ ಸಂಸ್ಥಾನಗಳು, ಬಿಡುಗಡೆ ಹೊಂದಿದ ಕರಿಯರನ್ನು ಅಲ್ಪ ಅಪರಾಧಗಳಿಗೆ ಹಿಡಿದು ಗಣಿಗಳಿಗೂ ತೋಟಗಳಿಗೂ ಗುತ್ತಿಗೆಗೆ ಕೊಟ್ಟವು. ನಿಯಮದಲ್ಲಿ ಬಿಟ್ಟ ಒಂದು ಮಾತು ಸಾವಿರಾರು ಜನರ ಕೊರಳಿಗೆ ಉರುಳಾಯಿತು.

ನಮ್ಮ ಸಂವಿಧಾನದ 23ನೆಯ ಅನುಚ್ಛೇದವು ಬಿಟ್ಟಿಯನ್ನೂ ಬಲಾತ್ಕಾರದ ದುಡಿಮೆಯನ್ನೂ ನಿಷೇಧಿಸುತ್ತದೆ. ಕೈದಿಯನ್ನು ಹೆಸರಿಸಿ ಹೊರಗಿಡುವುದಿಲ್ಲ. ಆದರೂ ಕಠಿಣ ಸಜೆಯು ಕಾನೂನಿನಲ್ಲಿ ಉಳಿದಿದೆ. ಈ ತೊಡಕನ್ನು ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ಬಿಡಿಸಿತು: ಕಠಿಣ ಸಜೆಯವನಿಂದ ಕೆಲಸ ಮಾಡಿಸಬಹುದು, ಆದರೆ ನ್ಯಾಯವಾದ ಕೂಲಿಯನ್ನು ಕೊಡತಕ್ಕದ್ದು. ಅನ್ನಬಟ್ಟೆಯ ವೆಚ್ಚವನ್ನು ಅದರಲ್ಲಿ ಮುರಿದುಕೊಳ್ಳಬಹುದು. ಸಾದಾ ಸಜೆಯವನನ್ನಾಗಲಿ, ತೀರ್ಪು ಕಾದಿರುವ ವಿಚಾರಣಾಧೀನನನ್ನಾಗಲಿ ಒತ್ತಾಯದಿಂದ ದುಡಿಸುವಂತಿಲ್ಲ. ಮುಖ್ಯವಾದುದು ಇದೇ. ದೋಷಿಯೆಂದು ನಿರ್ಣಯವಾಗದವನ ಕೈಗೆ ಪೊರಕೆ ಕೊಟ್ಟು ಗುಡಿಸೆಂದರೆ, ಅದು ಶಿಕ್ಷೆಯಲ್ಲ, ಬಿಟ್ಟಿ.

ಇನ್ನೊಂದು ಕಳಂಕವೂ ಇದ್ದಿತು. ಅನೇಕ ರಾಜ್ಯಗಳ ಸೆರೆಮನೆ ನಿಯಮಗಳು ಅಡಿಗೆಯನ್ನು ಒಂದು ಜಾತಿಗೂ ಜಾಡಮಾಲಿತನವನ್ನು ಇನ್ನೊಂದಕ್ಕೂ ಹಂಚಿದ್ದವು. 2024ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವನ್ನು ಅಸಿಂಧುವೆಂದು ಸಾರಿತು. ಸ್ವರಾಜ್ಯ ಬಂದು ಎಪ್ಪತ್ತೇಳು ವರ್ಷಗಳಾದ ಮೇಲೆ!

ಮಹನೀಯರೇ, ನಮ್ಮ ಜಿಲ್ಲೆಯ ಈಸೂರು 1942ರಲ್ಲಿ ಸ್ವಾತಂತ್ರ್ಯವನ್ನು ಸಾರಿತು. 1943ರಲ್ಲಿ ಅಲ್ಲಿಯ ಐವರು ಗಲ್ಲಿಗೇರಿದರು, ಉಳಿದವರು ಸೆರೆಯನ್ನು ಕಂಡರು. ಆ ನೆಲದ ಮಕ್ಕಳಾದ ನಮಗೆ ಸೆರೆಮನೆಯೆಂದರೆ ಪರರ ಮನೆಯಲ್ಲ. ಉಪಾಧ್ಯಾಯರು ಈ ನಿಯಮವನ್ನು ಮಕ್ಕಳಿಗೆ ತಿಳಿಸಲಿ. ವಕೀಲರು ಸೆರೆಯಲ್ಲಿರುವ ತಮ್ಮ ಕಕ್ಷಿಗಾರನನ್ನು ಕಂಡಾಗ, ಜಾಮೀನಿನ ಮಾತಿನೊಡನೆ ಎರಡು ಮಾತು ಕೇಳಲಿ: "ನಿನ್ನಿಂದ ಏನು ಕೆಲಸ ಮಾಡಿಸುತ್ತಾರೆ? ಕೂಲಿ ಏನು ಕೊಟ್ಟರು?" ಆ ಉತ್ತರದಲ್ಲಿಯೇ ನಮ್ಮ ಸ್ವಾತಂತ್ರ್ಯದ ಲೆಕ್ಕವಿದೆ.