ವಾರಸುದಾರರಿಲ್ಲದ ಗೋರಿಗಳು
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಗಂಗಾವತಿ ಸೀಮೆಯ ಹಿರೇಬೆಣಕಲ್ ಗುಡ್ಡದ ಮೇಲೆ ಸುಮಾರು 400 ಬೃಹತ್ ಶಿಲಾ ಗೋರಿಗಳಿವೆ. ಹಿರಿಯರು ಅವನ್ನು ಮೋರೇರ ಮನೆ ಎಂದರು. ಗಿಡ್ಡ ಜನ ಅಲ್ಲಿ ಬಾಳಿದರೆಂದು ಕಥೆ ಹೇಳಿದರು. ಸುತ್ತ ಕಲ್ಲಿನ ಚಪ್ಪಡಿ, ಮೇಲೊಂದು ಮುಚ್ಚುಗಲ್ಲು, ಒಂದು ಬದಿಗೆ ದುಂಡನೆಯ ಕಿಂಡಿ. ನೋಡಿದರೆ ಮನೆಯೇ. ಆದರೆ ಕಬ್ಬಿಣ ಬಳಸಲು ಕಲಿತ ಜನ, ಎರಡು ಸಾವಿರ ವರ್ಷಗಳಿಗೂ ಹಿಂದೆ, ತಮ್ಮ ಸತ್ತವರಿಗಾಗಿ ನಿಲ್ಲಿಸಿದ ಕಲ್ಲುಗಳಿವು.

ನಾನು ಸಮಾಜ ಪಾಠ ಮಾಡುವಾಗ ಮಕ್ಕಳದು ಒಂದೇ ಪ್ರಶ್ನೆ: "ಸರ್, ಒಳಗೆ ನಿಧಿ ಐತೇನ್ರಿ?" ಇದೇ ಆಸೆಗೆ ನಾಡಿನ ಎಷ್ಟೋ ಶಿಲಾಗೋರಿಗಳು ಹಾಳಾಗಿವೆ. ಇಂಥಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಉಪಕರಣ, ಮೂಳೆ. ಯಾವುದು ಎಲ್ಲಿತ್ತು, ಹೇಗಿತ್ತು ಎಂಬುದೇ ಇತಿಹಾಸ. ಒಮ್ಮೆ ಕೆದಕಿದರೆ ಆ ಪುಟ ಹರಿದುಹೋದಂತೆ.

ಇದು ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಆದರೂ ಬೋರ್ಡಿಗಿಂತ ಕುರಿಗಾಹಿಯ ಕಣ್ಣೇ ದೊಡ್ಡ ಕಾವಲು. ಮಕ್ಕಳನ್ನು ಕರೆದೊಯ್ಯಿರಿ, ಹೆಸರು ಗೀಚದೆ, ಕಲ್ಲು ಕದಲಿಸದೆ ನೋಡಿ ಬನ್ನಿ.

ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆ ಇಡುವವರು ನಾವು. ಈ ಗೋರಿಗಳಿಗೆ ಎಡೆ ಇಡುವ ವಾರಸುದಾರರಿಲ್ಲ. ಅದಕ್ಕೇ ಕಾಯುವ ಹೊಣೆ ನಮ್ಮದು.