ಕಣ್ಣಿಗೆ ಹೊಡೆಯುವ ಬೆಳಕು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ದೀಪದ ವಿರುದ್ಧ ಮಾತನಾಡಲು ನಿಂತಿದ್ದೇವೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಊರಿನಲ್ಲಿ ಚಿಮಣಿ ಬುಡ್ಡಿಯ ಮುಂದೆ ಅಕ್ಷರ ತಿದ್ದಿ, ಮುಂಬಯಿಗೆ ಬಂದು ಹಗಲೆಲ್ಲ ಕಪ್ಪುಬಸಿ ತೊಳೆದು, ರಾತ್ರಿಶಾಲೆಯ ದೀಪದಡಿ ಮೆಟ್ರಿಕ್ ಮುಗಿಸಿದವರ ವಂಶ ನಮ್ಮದು. ಬೆಳಕಿನ ಬೆಲೆಯನ್ನು ಇನ್ನೊಬ್ಬರು ನಮಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ತಕರಾರು ಬೆಳಕಿನ ಮೇಲಲ್ಲ, ಬೇಡದ ಕಡೆಗೆ ಸುರಿಯುವ ಬೆಳಕಿನ ಮೇಲೆ.

ಸಂಗತಿ ಹೀಗಿದೆ. ನಮ್ಮ ಖೋಲಿಯಲ್ಲಿ ನಾವು ಹನ್ನೊಂದು ಮಂದಿ. ಹೋಟೆಲು ತೊಳೆದು ಮುಚ್ಚಿ ಬರುವಾಗ ಒಂದು ಗಂಟೆ. ಇಡ್ಲಿಯ ಹಂಡೆ ಏರಿಸಲು ಐದಕ್ಕೆ ಏಳಬೇಕು. ನಡುವಿನ ನಾಲ್ಕು ಗಂಟೆಯೇ ನಮ್ಮ ಆಸ್ತಿ. ಕಳೆದ ವರ್ಷ ಎದುರಿನ ಅಂಗಡಿಯವರು ಗೋಡೆ ತುಂಬ ಎಲ್‌ಇಡಿ ಬೋರ್ಡು ಹಾಕಿಸಿದರು. ಕೆಂಪು, ನೀಲಿ, ಬಿಳಿ, ಮತ್ತೆ ಕೆಂಪು. ಬೆಳಗಿನ ತನಕ ಇದೇ ಕುಣಿತ. ಕಿಟಕಿಗೆ ಚಾದರ ಕಟ್ಟಿದೆವು. ಬೆಳಕು ನಿಂತಿತು, ಗಾಳಿಯೂ ನಿಂತಿತು. ಮೇ ತಿಂಗಳಲ್ಲಿ ಹನ್ನೊಂದು ಮಂದಿ ಗಾಳಿಯಿಲ್ಲದೆ ಮಲಗುವುದು ಹೇಗೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಹೋಗಿ ಕೇಳಿದ್ದಕ್ಕೆ, "ನಮ್ಮ ಗೋಡೆ, ನಮ್ಮ ಕರೆಂಟು, ನಿಮಗೇನು?" ಎಂದರು.

ಗೋಡೆ ಅವರದೇ, ಒಪ್ಪೋಣ. ಆದರೆ ಬೆಳಕು ಅವರ ಗೋಡೆಯ ಮೇಲೆ ನಿಲ್ಲಲಿಲ್ಲವಲ್ಲ! ಊರಿನಲ್ಲಿ ಒಬ್ಬನ ಬಚ್ಚಲ ನೀರು ನೆರೆಯವನ ಅಂಗಳಕ್ಕೆ ಹರಿದರೆ ಪಂಚಾಯಿತಿ ಕೂಡುತ್ತದೆ. ಗದ್ದಲಕ್ಕೆ ನಮ್ಮ ದೇಶದಲ್ಲಿ 2000ನೆಯ ಇಸವಿಯಿಂದ ನಿಯಮವಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಬೆಳಕಿಗೆ ಮಾತ್ರ ಅಂತಹ ಪ್ರತ್ಯೇಕ ಕಾನೂನು ದೇಶಕ್ಕೆಲ್ಲ ಅನ್ವಯಿಸುವಂತೆ ಇನ್ನೂ ಬಂದಿಲ್ಲ.

ಬೇರೆ ಕಡೆ ಬಂದಿದೆ. ಅಮೆರಿಕದ ಅರಿಜೋನಾದಲ್ಲಿ ಫ್ಲ್ಯಾಗ್‌ಸ್ಟಾಫ್ ಎಂಬ ಊರಿದೆ. ಪ್ಲೂಟೋವನ್ನು 1930ರಲ್ಲಿ ಕಂಡುಹಿಡಿದದ್ದು ಅಲ್ಲಿನ ವೀಕ್ಷಣಾಲಯದಲ್ಲಿಯೇ. ಜಾಹೀರಾತಿಗಾಗಿ ಆಕಾಶಕ್ಕೆ ಸರ್ಚ್‌ಲೈಟು ಬಿಡುವುದನ್ನು ಆ ಊರಿನವರು 1958ರಲ್ಲಿಯೇ ನಿಷೇಧಿಸಿದರು. ಆಮೇಲೆ ಎಕರೆಗೆ ಇಷ್ಟೇ ಬೆಳಕು ಎಂದು ಅಳತೆಯನ್ನೂ ಕಟ್ಟಿದರು. ಅಳತೆ ಕಟ್ಟಿದ್ದರಿಂದ ಅಲ್ಲಿನ ಅಂಗಡಿಗಳೇನೂ ಬಾಗಿಲು ಹಾಕಲಿಲ್ಲ. ಫ್ರಾನ್ಸಿನಲ್ಲಿ 2013ರ ಜುಲೈಯಿಂದ ಇನ್ನೊಂದು ಕ್ರಮ ಬಂತು: ಕೆಲಸಗಾರರು ಹೊರಟ ಒಂದು ಗಂಟೆಯೊಳಗೆ ಕಚೇರಿಯ ದೀಪ ಆರಬೇಕು, ಅಂಗಡಿಯ ಗಾಜಿನ ಕಪಾಟುಗಳ ದೀಪ ರಾತ್ರಿ ಒಂದರ ನಂತರ ಉರಿಯಬಾರದು.

ನಮ್ಮಲ್ಲಿಯೂ ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆಯ ಆಕಾಶಕ್ಕೆಂದೇ ಪ್ರದೇಶವನ್ನು ಕಾದಿರಿಸಿದರು. ಅಲ್ಲಿರುವ 2 ಮೀಟರ್ ದೂರದರ್ಶಕವನ್ನು ನಮ್ಮ ಬೆಂಗಳೂರಿನ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಮಹಾರಾಷ್ಟ್ರದ ಪೆಂಚ್ ಹುಲಿಕಾಡಿಗೆ 2024ರಲ್ಲಿ ಅಂತಹುದೇ ಮನ್ನಣೆ ಸಿಕ್ಕಿತು. ನಕ್ಷತ್ರಕ್ಕೆ ಕತ್ತಲೆ ಬೇಕು, ಹುಲಿಗೆ ಬೇಕು, ಸಂತೋಷವೇ. ಖೋಲಿಯಲ್ಲಿ ಮಲಗುವವನ ಸರದಿ ಯಾವಾಗ? 2015ರಲ್ಲಿ ಮರೀನ್ ಡ್ರೈವಿನ ಹಳದಿ ದೀಪ ತೆಗೆದು ಬಿಳಿಯದು ಹಾಕಿದಾಗ, ರಾಣಿಯ ಹಾರ ಕೆಟ್ಟಿತೆಂದು ಶಹರವೇ ಗದ್ದಲವೆಬ್ಬಿಸಿತು. ನಮ್ಮ ನಿದ್ದೆ ಕೆಟ್ಟರೆ ಪತ್ರಿಕೆಯಲ್ಲಿ ಒಂದು ಸಾಲೂ ಇಲ್ಲ.

ಇದು ಬರಿಯ ಕಿರಿಕಿರಿಯ ಮಾತಲ್ಲ. ಕತ್ತಲೆಯಾದಾಗ ದೇಹದಲ್ಲಿ ಮೆಲಟೋನಿನ್ ಎಂಬ ರಸ ಹೆಚ್ಚುತ್ತದೆ. ಬೆಳಕು, ಅದರಲ್ಲೂ ನೀಲಿ ಬೆರೆತ ಬಿಳಿ ಬೆಳಕು, ಅದನ್ನು ತಡೆಯುತ್ತದೆ. ದೇಹದ ಈ ಗಡಿಯಾರವನ್ನು ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಗಡಿಯಾರವನ್ನು ಕೆಡಿಸುವ ರಾತ್ರಿಪಾಳಿಯ ದುಡಿಮೆ ಪ್ರಾಯಶಃ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿಯೇ ಹೇಳಿದೆ. ಗಿರಣಿಗಳಲ್ಲಿ ಮೂರನೆಯ ಪಾಳಿ ಮಾಡಿದ ಹಿರಿಯರು ಇಲ್ಲಿ ಮುಂದಿನ ಸಾಲಿನಲ್ಲಿದ್ದಾರೆ. ಕೆಟ್ಟ ನಿದ್ದೆ ಎಂತಹುದೆಂದು ಅವರನ್ನು ಕೇಳಿ.

ಹಾಗಾದರೆ ಬೀದಿದೀಪ ಆರಿಸಬೇಕೇ? ಖಂಡಿತ ಬೇಡ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಸ್ಟೇಷನ್ನಿಗೆ ನಡೆಯುವ ನಮ್ಮ ಅಕ್ಕತಂಗಿಯರಿಗೆ ದಾರಿ ಕಾಣಬೇಕು. ಆದರೆ ಕಣ್ಣಿಗೆ ಹೊಡೆಯುವ ದೀಪದ ಪಕ್ಕದಲ್ಲಿ ನಿಂತವನ ಮುಖವೇ ಕಾಣುವುದಿಲ್ಲವೆಂದು ಅವರೇ ಹೇಳುತ್ತಾರೆ. ಮೇಲೆ ಟೋಪಿ ಹಾಕಿ ನೆಲಕ್ಕೆ ತಿರುಗಿಸಿದ ದೀಪ ಕಡಿಮೆ ಕರೆಂಟಿನಲ್ಲಿ ಅದೇ ದಾರಿ ಬೆಳಗುತ್ತದೆ. ನಾವು ಕೇಳುವುದು ಇಷ್ಟೇ: ದೀಪಕ್ಕೆ ಟೋಪಿ, ಬಣ್ಣಕ್ಕೆ ಹಳದಿ, ಬೋರ್ಡಿಗೆ ಹೊತ್ತು. ಹನ್ನೊಂದರ ಮೇಲೆ ಮುಚ್ಚಿದ ಅಂಗಡಿಯ ಬೋರ್ಡು ಯಾರಿಗಾಗಿ ಉರಿಯಬೇಕು?

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಇಂತಹ ಬೋರ್ಡು ನಮ್ಮವರ ಹೋಟೆಲುಗಳ ಮೇಲೂ ಇದೆ, ಅದರ ಸ್ವಿಚ್ಚು ಎಷ್ಟೋ ಕಡೆ ನಮ್ಮ ಕೈಯಲ್ಲೇ ಇದೆ. ಶಟರು ಎಳೆಯುವಾಗ ಮಾಲೀಕರನ್ನು ಕೇಳಿ ಅದನ್ನೂ ಆರಿಸಿದರೆ, ವಾರ್ಡ್ ಕಚೇರಿಗೆ ಹೋದಾಗ ನಮ್ಮ ಮಾತಿಗೆ ತೂಕ ಬರುತ್ತದೆ. ಅರ್ಜಿಯ ಕರಡು ಕಾರ್ಯದರ್ಶಿಗಳ ಬಳಿ ಇದೆ. ನಿಮ್ಮ ಕಿಟಕಿಗೆ ಯಾವ ದೀಪ, ಎಷ್ಟು ಹೊತ್ತಿನವರೆಗೆ ಬೀಳುತ್ತದೆ, ಎಷ್ಟು ಮಂದಿ ಆ ಖೋಲಿಯಲ್ಲಿ ಮಲಗುತ್ತೀರಿ ಎಂಬುದನ್ನು ಬರೆದು ಭಾನುವಾರದೊಳಗೆ ಕೊಡಿರಿ. ಬರೆಯಲು ಬಾರದವರಿಗೆ ರಾತ್ರಿಶಾಲೆಯ ಹುಡುಗರು ಬರೆದುಕೊಡುತ್ತಾರೆ.