ಟೆಂಟಿನ ಕೋಲು ಕೂಡ್ಲಿಲ್ಲಂದ್ರ ಜಗ್ಗಾಡಬ್ಯಾಡ್ರಿ

ಹೋದ ತಿಂಗಳು ಗಜೇಂದ್ರಗಡದ ಕಡೆ ಮಾವನ ಹೊಲದಾಗ ಮನಿಮಂದಿಗೆಲ್ಲಾ ಒಂದು ದೊಡ್ಡ ಟೆಂಟ್ ಹಾಕಾಕ ಹೋಗಿದ್ವಿ. ಅಲ್ಲಿ ಗುಡ್ಡದ ಮ್ಯಾಲಿನ ಗಾಳಿಯಂತ್ರ ನೋಡಿದ್ರೇ ಗೊತ್ತಾಗ್ತದ, ಗಾಳಿ ಎಷ್ಟು ಜೋರು ಅಂತ.

ಹೊತ್ತು ಮುಳುಗಾಕತ್ತಿತ್ತು. ಒಂದು ಕೋಲು ಕೂಡವಲ್ದು. ಸಿಟ್ಟಿಲೆ ಒತ್ತಿ ಬಗ್ಗಿಸಿದೆ. ಫೈಬರ್‌ಗ್ಲಾಸ್ ಸೀಳಿ ಸಿಬಿರು ಅಂಗೈಗೆ ಹೊಕ್ತು. ಮಗ್ಗಲದಾಗ ಅಕ್ಕನ ಎರಡು ವರ್ಷದ ಮಗಳು ಆಡ್ತಿದ್ಲು. ಆಕಿ ಕಣ್ಣಿಗೆ ಬಡಿದಿದ್ರ?

ಮಾವ ಅಂದ್ರು, "ತಮ್ಮಾ, ಜಗ್ಗಾಡಬ್ಯಾಡ. ಎಲ್ಲಾ ಬಿಚ್ಚಿ ಸಾಲಾಗಿ ಇಡು." ಇಟ್ಟು ನೋಡಿದ್ರ, ಬಾಗಿಲ ಕಡೆಯ ಕೋಲು ನಡುವಿನದಕ್ಕಿಂತ ಒಂದು ಗೇಣು ಗಿಡ್ಡ! ನಾನು ಅದಲು ಬದಲು ಮಾಡಿದ್ದೆ.

ಅದಕ್ಕ ಮೂರು ಮಾತು. ಮೊದಲು ಕೋಲು ಅಳೆದು, ಅದರ ತುದಿಗೂ ಅದು ಕೂಡುವ ಜಾಗಕ್ಕೂ ಒಂದೇ ಬಣ್ಣದ ಟೇಪ್ ಹಚ್ಚಿ. ಬಟ್ಟೆಯೊಳಗೆ ಕೋಲನ್ನು ತಳ್ಳಿ, ಎಳೀಬ್ಯಾಡಿ. ಎಳೆದ್ರ ಒಳಗಿನ ಎಲಾಸ್ಟಿಕ್ ಹಿಗ್ಗಿ ತುಂಡುಗಳು ಬಿಟ್ಕೋತಾವ. ಸೀಳಿದ ತುಂಡನ್ನು ಬದಲಿಸದೆ ಗಾಳ್ಯಾಗ ನಿಲ್ಲಿಸಬ್ಯಾಡಿ.

ಆ ರಾತ್ರಿ ಎಲ್ಲರೂ ಮಾವನ ಮನ್ಯಾಗೇ ಮಲಗಿದ್ವಿ. ಮುಂದಿನ ಸಲ ರೋಣ ಇರಲಿ, ನರಗುಂದ ಇರಲಿ, ಹೊಂಡೋಕಿಂತ ಮೊದಲು ಹಗಲಿನ್ಯಾಗ ಅಂಗಳದಾಗ ಒಮ್ಮೆ ಟೆಂಟ್ ಹಾಕಿ ನೋಡ್ತೀನಿ. ನೀವೂ ನೋಡ್ರಿ.